ಆಗಿಲ್ಲ ಅನ್ನೋದು ಬೇರೆ, ಕಂಡಿಲ್ಲ ಅನ್ನೋದು ಬೇರೆ

(ಮಾತಾಡಿದ್ದನ್ನು ಬರೆದು ಕೊಡಿ ಎಂದು ಕೆಲವರು ಕೇಳಿದರು. ಮಾತಿನ ಧಾಟಿ ಹಾಗೇ ಇರಲಿ ಅಂತ ಹೆಚ್ಚು ತಿದ್ದಿಲ್ಲ. ಕೊನೆಯಲ್ಲಿ ಬಂದ ಒಂದು ಪ್ರಶ್ನೆಯನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ಐಸ್ ಹಾಕಿಯ ಕೆಲವು ಜಗಳಗಳ ಬಗ್ಗೆ ಮಾತಾಡ್ತೀನಿ. ಆಟಗಾರರು ಒಬ್ಬರಿಗೊಬ್ಬರು ಹೊಡೆದಾಡುವ ಜಗಳ ಅಲ್ಲ. ಆಡಿ ಮುಗಿಸಿದವರಿಗೂ ರೆಫರಿಗಳಿಗೂ ನಡುವೆ ನಡೆಯುವ ಜಗಳ. ಇವು ಆಟದ ದಿನಕ್ಕೆ ಮುಗಿಯುವುದಿಲ್ಲ. ಇಪ್ಪತ್ತು, ಮೂವತ್ತು ವರ್ಷ ನಡೆಯುತ್ತವೆ. ಯಾಕೆ ಮುಗಿಯೋದಿಲ್ಲ ಅನ್ನೋದೇ ನನ್ನನ್ನು ಬಹಳ ದಿನದಿಂದ ಕಾಡಿದ ಪ್ರಶ್ನೆ.

ಮೊದಲು ಒಂದು ರಾತ್ರಿಗೆ ಹೋಗೋಣ. 1993ರ ಮೇ 27. ಅಮೆರಿಕದ ಲಾಸ್ ಏಂಜಲೀಸ್ ಪಕ್ಕದ ಇಂಗಲ್‌ವುಡ್‌ನಲ್ಲಿರುವ ಫೋರಂ ಕ್ರೀಡಾಂಗಣ. ಒಂದು ಕಡೆ ಲಾಸ್ ಏಂಜಲೀಸ್ ಕಿಂಗ್ಸ್, ಇನ್ನೊಂದು ಕಡೆ ಟೊರಾಂಟೊ ಮೇಪಲ್ ಲೀಫ್ಸ್. ಎರಡೂ ಉತ್ತರ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್‌ನ ತಂಡಗಳು. ಏಳು ಪಂದ್ಯಗಳ ಸರಣಿಯಲ್ಲಿ ಇದು ಆರನೆಯದು. ಲೀಫ್ಸ್ 3-2ರಿಂದ ಮುಂದಿದೆ. ಇದೊಂದು ಗೆದ್ದರೆ ಲೀಗಿನ ಚಾಂಪಿಯನ್ನರಿಗೆ ಕೊಡುವ ಸ್ಟ್ಯಾನ್ಲಿ ಕಪ್‌ನ ಫೈನಲ್. ಟೊರಾಂಟೊದವರು ಆ ಕಪ್ ಕೊನೆಯ ಸಲ ಗೆದ್ದಿದ್ದು 1967ರಲ್ಲಿ. ಆ ಊರಿನವರ ಹಸಿವು ಎಷ್ಟಿತ್ತು ಅಂತ ನೀವೇ ಲೆಕ್ಕ ಹಾಕಿ.

ಪಂದ್ಯ 4-4 ಸಮ. ಲೀಫ್ಸ್ ನಾಯಕ ವೆಂಡೆಲ್ ಕ್ಲಾರ್ಕ್ ಮೂರು ಗೋಲು ಹೊಡೆದು, ಸೋಲುವ ಪಂದ್ಯವನ್ನು ಕೊನೆಯ ನಿಮಿಷಗಳಲ್ಲಿ ಎಳೆದು ತಂದಿದ್ದರು. ಆದರೆ ನಿಗದಿತ ಸಮಯ ಮುಗಿಯೋಕೆ 13 ಸೆಕೆಂಡ್ ಇರುವಾಗ ಲೀಫ್ಸ್‌ನ ಗ್ಲೆನ್ ಆಂಡರ್ಸನ್ ಎದುರಾಳಿಯನ್ನು ಗೋಡೆಗೆ ತಳ್ಳಿದ್ದಕ್ಕೆ ಪೆನಾಲ್ಟಿ ಬಾಕ್ಸ್‌ಗೆ, ಅಂದರೆ ತಪ್ಪು ಮಾಡಿದವರು ಕೆಲವು ನಿಮಿಷ ಹೊರಗೆ ಕೂರುವ ಜಾಗಕ್ಕೆ, ಹೋದರು. ಹಾಗಾಗಿ ಓವರ್‌ಟೈಮ್ (ಮೊದಲ ಗೋಲು ಹೊಡೆದವರೇ ಗೆಲ್ಲುವ ಹೆಚ್ಚುವರಿ ಸಮಯ) ಶುರುವಾದಾಗ ಲೀಫ್ಸ್‌ಗೆ ಒಬ್ಬ ಆಟಗಾರ ಕಮ್ಮಿ.

ಈಗ ಹತ್ತಿರದಿಂದ ನೋಡಿ. ಕಿಂಗ್ಸ್‌ನ ವೇಯ್ನ್ ಗ್ರೆಟ್ಸ್ಕಿ ಪಕ್‌ಗೆ, ಅಂದರೆ ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆಗೆ, ಹೊಡೆಯುತ್ತಾರೆ. ಎದುರಿಗೆ ಲೀಫ್ಸ್‌ನ ಡಗ್ ಗಿಲ್ಮರ್. ಗ್ರೆಟ್ಸ್ಕಿಯ ಸ್ಟಿಕ್ ಮೇಲೆದ್ದು ಬಂದು ಗಿಲ್ಮರ್ ಗದ್ದಕ್ಕೆ ಬಡಿಯುತ್ತದೆ. ಗಿಲ್ಮರ್ ಕೆಳಗೆ ಬೀಳುತ್ತಾರೆ. ಗದ್ದ ಸೀಳಿ ರಕ್ತ ಬರ್ತಾ ಇದೆ. ಎಂಟು ಹೊಲಿಗೆ ಬಿತ್ತು ಅದಕ್ಕೆ. ಆಗಿನ ನಿಯಮದ ಪ್ರಕಾರ, ಎತ್ತಿದ ಸ್ಟಿಕ್‌ನಿಂದ ಎದುರಾಳಿಗೆ ಗಾಯ ಆದರೆ ಐದು ನಿಮಿಷದ ಪೆನಾಲ್ಟಿ. ಹೊಡೆದವರು ಪಂದ್ಯದಿಂದಲೇ ಹೊರಗೆ. ಅಂದರೆ ಗ್ರೆಟ್ಸ್ಕಿ ಆ ರಾತ್ರಿ ಡ್ರೆಸ್ಸಿಂಗ್ ರೂಮಿಗೆ ಹೋಗಿ ಕೂರಬೇಕಿತ್ತು.

ರೆಫರಿ ಕೆರ್ರಿ ಫ್ರೇಸರ್. ಆಗ ಒಂದು ಪಂದ್ಯಕ್ಕೆ ಒಬ್ಬನೇ ರೆಫರಿ, ಜೊತೆಗೆ ಸಹಾಯಕ್ಕೆ ಇಬ್ಬರು ಲೈನ್ಸ್‌ಮನ್. ಅರವತ್ತು ಮೀಟರ್ ಉದ್ದದ ಅಂಗಣ, ಹನ್ನೆರಡು ಜನರವರೆಗೂ ಆಟಗಾರರು, ಗಂಟೆಗೆ ನೂರೈವತ್ತು ಕಿಲೋಮೀಟರ್ ದಾಟಿ ಹಾರುವ ಪಕ್. ಎಲ್ಲದಕ್ಕೂ ಒಂದೇ ಜೊತೆ ಕಣ್ಣು. ಫ್ರೇಸರ್‌ಗೆ ಆ ಏಟು ಕಾಣಲಿಲ್ಲ. ಕಂಡದ್ದು ಕೆಳಗೆ ಬಿದ್ದ ಗಿಲ್ಮರ್, ಗದ್ದದ ರಕ್ತ. ಅವರು ಲೈನ್ಸ್‌ಮನ್‌ಗಳಾದ ರಾನ್ ಫಿನ್, ಕೆವಿನ್ ಕಾಲಿನ್ಸ್ ಹತ್ತಿರ ಹೋಗಿ ಕೇಳಿದರು. ಇಬ್ಬರೂ ನೋಡಿಲ್ಲ ಅಂದರು. ಪೆನಾಲ್ಟಿ ಇಲ್ಲ. ಆಟ ಮುಂದುವರಿಯಿತು.

ಸ್ವಲ್ಪ ಹೊತ್ತಿಗೇ, ಓವರ್‌ಟೈಮ್‌ನ 1 ನಿಮಿಷ 41ನೇ ಸೆಕೆಂಡಿನಲ್ಲಿ, ಗೋಲು. ಹೊಡೆದವರು ಗ್ರೆಟ್ಸ್ಕಿ.

ಎರಡು ದಿನ ಬಿಟ್ಟು ಟೊರಾಂಟೊದಲ್ಲಿ ಏಳನೇ ಪಂದ್ಯ. ಗ್ರೆಟ್ಸ್ಕಿ ಮೂರು ಗೋಲು ಹೊಡೆದರು, ಕಿಂಗ್ಸ್ 5-4ಕ್ಕೆ ಗೆದ್ದು ಫೈನಲ್‌ಗೆ ಹೋಯಿತು. ಅಲ್ಲಿ ಮಾಂಟ್ರಿಯಲ್ ಕೈಲಿ ಸೋತಿತು, ಅದು ಬೇರೆ ಮಾತು. ಟೊರಾಂಟೊದವರ ಮನಸ್ಸಿನಲ್ಲಿ ಮಾತ್ರ ಆ ಗದ್ದದ ಗಾಯ ಹಾಗೇ ಉಳಿಯಿತು.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸೋದು ಆ ಕೆಲವು ಸೆಕೆಂಡುಗಳು. ರಕ್ತ ಕಣ್ಣೆದುರು ಇದೆ. ಏನೋ ಆಗಿದೆ ಅಂತ ಕುರುಡನಿಗೂ ಗೊತ್ತಾಗುತ್ತೆ. ಕ್ರೀಡಾಂಗಣದ ಜನರೆಲ್ಲ ನೋಡಿದ್ದಾರೆ, ಟಿವಿ ನೋಡುವವರು ಮೂರು ಸಲ ನೋಡಿದ್ದಾರೆ. ನೋಡದೇ ಇರುವವನು ಒಬ್ಬನೇ, ತೀರ್ಪು ಕೊಡಬೇಕಾದವನೂ ಅವನೇ. ಹೇಗಿರಬೇಡ!

ರೆಫರಿಗಳಿಗೆ ಮೊದಲ ದಿನ ಕಲಿಸುವ ಪಾಠ ಒಂದಿದೆ. ಕಂಡದ್ದಕ್ಕೆ ಮಾತ್ರ ಕೈ ಎತ್ತು. ಹೀಗೇ ಆಗಿರಬೇಕು ಅಂತ ಊಹಿಸಿ ಎತ್ತಬೇಡ. ಐಸ್ ಹಾಕಿಯಲ್ಲಿ ಪೆನಾಲ್ಟಿ ಅಂದರೆ ರೆಫರಿ ಮೊದಲು ಕೈ ಮೇಲೆತ್ತುತ್ತಾನೆ. ವಿಶಲ್ ಆಮೇಲೆ. ತಪ್ಪು ಮಾಡಿದ ತಂಡದವರು ಪಕ್ ಮುಟ್ಟುವವರೆಗೂ ಆಟ ನಡೀತಾನೇ ಇರುತ್ತೆ. ಹಾಗಾಗಿ ಆ ಕೈ ಬಹಳ ದೊಡ್ಡ ಮಾತು. ಕಿತ್ತಳೆ ಬಣ್ಣದ ಪಟ್ಟಿ ಇರುವ ತೋಳು ಮೇಲೆ ಹೋಯಿತು ಅಂದರೆ "ನಾನು ನೋಡಿದೆ" ಅಂತ ಅರ್ಥ. ಫ್ರೇಸರ್ ನೋಡಿರಲಿಲ್ಲ. ಕೈ ಎತ್ತಲಿಲ್ಲ. ನೋಡದೇ ಇದ್ದದ್ದು ಅವರ ಸೋಲು, ಒಪ್ಪುತ್ತೇನೆ. ಆದರೆ ನೋಡದ್ದಕ್ಕೆ ಕೈ ಎತ್ತದೇ ಇದ್ದದ್ದು ಸೋಲಲ್ಲ. ನಾವು ಈ ಎರಡನ್ನೂ ಒಂದೇ ಗಂಟಿಗೆ ಕಟ್ಟಿ ಬೈಯುತ್ತೇವೆ.

ಇನ್ನೂ ಒಂದು ತೊಡಕಿತ್ತು. ಸ್ಟಿಕ್ ಭುಜಕ್ಕಿಂತ ಮೇಲೆ ಹೋಗಿ ತಾಗಿದರೆ ತಪ್ಪು ಹೌದು. ಆದರೆ ಹೊಡೆದ ಹೊಡೆತದ ರಭಸಕ್ಕೆ ಸ್ಟಿಕ್ ತಾನಾಗಿ ಮೇಲೆ ಹೋಗಿ ತಾಗಿದರೆ ಅದಕ್ಕೆ ವಿನಾಯಿತಿ ಇದೆ. ಗಿಲ್ಮರ್ ತಾವೇ "ಶಾಟ್ ಹೊಡೆದ ಮೇಲೆ ಸ್ಟಿಕ್ ತಾಗಿತು" ಅನ್ನೋ ಅರ್ಥದ ಮಾತು ಹೇಳಿದರು ಅಂತ ಆಮೇಲೆ ಫ್ರೇಸರ್ ಹೇಳಿಕೊಂಡಿದ್ದಾರೆ. ಹಾಗಾದರೆ ಅದು ಪೆನಾಲ್ಟಿಯೇ ಅಲ್ಲ. ವಿಡಿಯೊ ನೋಡಿದ ಬಹಳ ಜನ ಇದನ್ನು ಒಪ್ಪೋದಿಲ್ಲ. ನಾನೂ ಒಪ್ಪೋದಿಲ್ಲ. ಅದು ಪೆನಾಲ್ಟಿಯೇ.

ಇಲ್ಲಿ ನನ್ನ ಒಂದು ಅನುಭವ ಹೇಳಬೇಕು. ನಾನೂ ಕೆಲವು ವರ್ಷ ಹುಲ್ಲಿನ ಮೈದಾನದ ಹಾಕಿಯಲ್ಲಿ ಅಂಪೈರ್ ಆಗಿದ್ದವನು. ದೊಡ್ಡ ಪಂದ್ಯಗಳಲ್ಲ, ಕಾಲೇಜು ಮಟ್ಟದವು. ಒಂದು ಪಂದ್ಯದಲ್ಲಿ ಡಿ ಒಳಗೆ ಚೆಂಡು ಡಿಫೆಂಡರ್ ಕಾಲಿಗೆ ತಾಗಿತು. ಅದು ಪೆನಾಲ್ಟಿ ಕಾರ್ನರ್. ನನಗೆ ಇಬ್ಬರು ಆಟಗಾರರು ಅಡ್ಡ ಬಂದಿದ್ದರು, ಕಾಣಲಿಲ್ಲ. ಆ ತಂಡ ಒಂದು ಗೋಲಿನಿಂದ ಸೋತಿತು. ಅವರ ಕೋಚ್ ಹಿಂದೆ ಒಳ್ಳೆಯ ಆಟಗಾರರಾಗಿದ್ದವರು, ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು. ಪಂದ್ಯ ಮುಗಿದ ಮೇಲೆ ಎಲ್ಲರೆದುರು ಬಂದು ನಿಂತರು.

"ಏನ್ರೀ ಅಂಪೈರ್, ಕಾಲಿಗೆ ತಾಗ್ಲಿಲ್ವಾ ಅದು?"

"ಇಲ್ಲ ಸರ್, ತಾಗಿಲ್ಲ" ಅಂದೆ.

ನೋಡಿ, ನನಗೆ ಕಂಡಿರಲಿಲ್ಲ. ಆದರೆ ಬಾಯಿಂದ ಬಂದದ್ದು "ತಾಗಿಲ್ಲ" ಅಂತ. ಅವರು ಕೂಗಾಡಿದರು, ನಾನೂ ದನಿ ಏರಿಸಿದೆ. ತಾಗಿದೆ, ತಾಗಿಲ್ಲ, ತಾಗಿದೆ, ತಾಗಿಲ್ಲ. ಕತ್ತಲಾಗುವವರೆಗೂ ಇದೇ. ಅವರು ಆದದ್ದರ ಬಗ್ಗೆ ಮಾತಾಡುತ್ತಿದ್ದರು. ನಾನು ಕಾಣದ್ದನ್ನು ಆಗಿಲ್ಲ ಅಂತ ಸಾಧಿಸುತ್ತಿದ್ದೆ. "ನನಗೆ ಕಾಣಲಿಲ್ಲ ಸರ್" ಅಂತ ಒಂದು ಮಾತು ಅಂದಿದ್ದರೆ ಅವರು ಬೈದಾದರೂ ಬೈದು ಹೋಗುತ್ತಿದ್ದರು. ಅಲ್ಲಿಗೆ ಮುಗೀತಿತ್ತು. ಆ ಮಾತು ಯಾಕೆ ಬರಲಿಲ್ಲ? ಭಯ. ಕಾಣಲಿಲ್ಲ ಅಂದರೆ ನಿನಗೆ ಇಲ್ಲೇನು ಕೆಲಸ ಅಂತಾರಲ್ಲ, ಆ ಭಯ.

ಅಲ್ಲಿಂದೀಚೆಗೆ ಯಾವುದೇ ರೆಫರಿ ಜಗಳ ನೋಡಿದರೂ ನಾನು ಮೊದಲು ಹುಡುಕೋದು ಇದನ್ನೇ. ಇವರು ಆಗಿಲ್ಲ ಅಂತಿದ್ದಾರಾ, ಕಂಡಿಲ್ಲ ಅಂತಿದ್ದಾರಾ?

ಈಗ ಇನ್ನೊಂದು ಜಗಳ. ಇದು 1988ರದ್ದು. ನ್ಯೂಜೆರ್ಸಿ ಡೆವಿಲ್ಸ್ ತಂಡದ ಕೋಚ್ ಜಿಮ್ ಶೋನ್‌ಫೆಲ್ಡ್. ಹದಿಮೂರು ವರ್ಷ ಡಿಫೆಂಡರ್ ಆಗಿ ಆಡಿ 1985ರಲ್ಲಿ ನಿವೃತ್ತರಾದವರು. ಮೇ 6ರಂದು ಬಾಸ್ಟನ್ ಎದುರು ಅವರ ತಂಡ 6-1ಕ್ಕೆ ಸೋತಿತು. ರೆಫರಿ ಡಾನ್ ಕೊಹಾರ್ಸ್ಕಿ ಮೈದಾನ ಬಿಟ್ಟು ಒಳಗೆ ಹೋಗುವಾಗ ಶೋನ್‌ಫೆಲ್ಡ್ ಓಣಿಯಲ್ಲೇ ಅಡ್ಡ ನಿಂತು ವಾದಕ್ಕಿಳಿದರು. ಗಲಾಟೆಯಲ್ಲಿ ಕೊಹಾರ್ಸ್ಕಿ ಮುಗ್ಗರಿಸಿದರು. ನೀನು ತಳ್ಳಿದೆ ಅಂತ ರೆಫರಿ. ನೀನೇ ಬಿದ್ದೆ ಅಂತ ಕೋಚ್. ಆಮೇಲೆ ಶೋನ್‌ಫೆಲ್ಡ್ ಬಾಯಿಂದ ಬಂದ ಮಾತು ಕ್ಯಾಮೆರಾದಲ್ಲಿ ದಾಖಲಾಯಿತು: "ನೀನೇ ಬಿದ್ದೆ, ದಪ್ಪ ಹಂದಿ! ಇನ್ನೊಂದು ಡೋನಟ್ ತಿನ್ನು!"

ಲೀಗ್‌ನವರು ಶೋನ್‌ಫೆಲ್ಡ್‌ರನ್ನು ಅಮಾನತು ಮಾಡಿದರು. ತಂಡದವರು ಸುಮ್ನೆ ಕೂರಲಿಲ್ಲ. ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದರು. ಮೇ 8ರ ಪಂದ್ಯಕ್ಕೆ ಶೋನ್‌ಫೆಲ್ಡ್ ಬೆಂಚಿನ ಹಿಂದೆ ಹಾಜರ್. ಆಗ ರೆಫರಿ ಮತ್ತು ಲೈನ್ಸ್‌ಮನ್‌ಗಳು, ಈ ಮನುಷ್ಯ ಅಲ್ಲಿದ್ದರೆ ನಾವು ಇಳಿಯೋದಿಲ್ಲ ಅಂದುಬಿಟ್ಟರು. ಕ್ರೀಡಾಂಗಣ ತುಂಬಿದೆ, ಟಿವಿ ಕಾಯ್ತಾ ಇದೆ, ಲೀಗಿನ ಅಧ್ಯಕ್ಷರು ಎಲ್ಲಿದ್ದಾರೆ ಅಂತ ಯಾರಿಗೂ ಗೊತ್ತಿಲ್ಲ. ಒಂದು ಗಂಟೆಗೂ ಜಾಸ್ತಿ ತಡವಾಗಿ ಪಂದ್ಯ ಶುರುವಾಯಿತು. ನಡೆಸಿದವರು ಯಾರು ಗೊತ್ತಾ? ಐವತ್ತು ದಾಟಿದ, ಆಸುಪಾಸಿನಲ್ಲೇ ಸಿಕ್ಕ ಮೂವರು ಹವ್ಯಾಸಿಗಳು. ಅವರಲ್ಲಿ ಲೈನ್ಸ್‌ಮನ್‌ಗಳಾಗಿ ನಿಂತ ಇಬ್ಬರಿಗೆ ಪಟ್ಟೆಯ ಅಂಗಿಯೂ ಇರಲಿಲ್ಲ. ಅಭ್ಯಾಸಕ್ಕೆ ಹಾಕುವ ಹಳದಿ ಜೆರ್ಸಿ ತೊಟ್ಟು ಇಳಿದರು.

ನನಗೆ ಆ ಮೂವರ ಮೇಲೆ ಬಹಳ ಗೌರವ. ಬೆಳಗ್ಗೆ ಏಳುವಾಗ ಅವರಿಗೆ ಇದರ ಸುಳಿವೂ ಇರಲಿಲ್ಲ. ಸಂಜೆ ಹೊತ್ತಿಗೆ ಜಗತ್ತಿನ ಅತಿ ದೊಡ್ಡ ಲೀಗಿನ ಸೆಮಿಫೈನಲ್ ಹಂತದ ಪಂದ್ಯ ಅವರ ಕೈಲಿ. ಡೆವಿಲ್ಸ್ 3-1ಕ್ಕೆ ಗೆದ್ದಿತು. ಅನಾಹುತ ಏನೂ ಆಗಲಿಲ್ಲ. ಮುಂದಿನ ಪಂದ್ಯಕ್ಕೆ ಶೋನ್‌ಫೆಲ್ಡ್‌ರನ್ನು ಹೊರಗಿಟ್ಟರು, ಮಾಮೂಲಿ ರೆಫರಿಗಳು ವಾಪಸ್ ಬಂದರು.

ಈ ಜಗಳದಲ್ಲಿ ತಳ್ಳಿದ್ದೋ ಬಿದ್ದದ್ದೋ ಅನ್ನೋದು ಇವತ್ತಿಗೆ ಯಾರಿಗೂ ಬೇಡ. ಡೋನಟ್ ಮಾತ್ರ ಉಳಿಯಿತು. ಕೊಹಾರ್ಸ್ಕಿ 2009ರವರೆಗೂ ರೆಫರಿಯಾಗಿದ್ದರು. ಸಾವಿರಾರು ಸರಿಯಾದ ತೀರ್ಮಾನ ಕೊಟ್ಟಿರುತ್ತಾರೆ. ಅವರ ಹೆಸರು ಹೇಳಿದರೆ ಜನ ನೆನೆಸಿಕೊಳ್ಳೋದು ಒಂದು ತಿಂಡಿಯನ್ನು. ಶೋನ್‌ಫೆಲ್ಡ್‌ಗೂ ಅದೇ ಗತಿ. ಆಡಿದ ಆಟ ಮರೆತುಹೋಯಿತು, ಆಡಿದ ಮಾತು ಉಳಿಯಿತು.

ಇಂಥ ಜಗಳಗಳಲ್ಲಿ ಒಂದು ಅಸಮತೋಲ ಇದೆ, ಅದನ್ನು ಗಮನಿಸಬೇಕು. ಆಡುತ್ತಿರುವ ಆಟಗಾರನಾಗಲಿ ಕೋಚ್ ಆಗಲಿ ರೆಫರಿಯನ್ನು ಬಹಿರಂಗವಾಗಿ ಟೀಕಿಸಿದರೆ ಲೀಗ್ ದಂಡ ಹಾಕಬಹುದು. ನಿವೃತ್ತನಾದ ಆಟಗಾರನಿಗೆ ಆ ಹೆದರಿಕೆ ಇಲ್ಲ. ಅವನಿಗೆ ಟಿವಿ ಇದೆ, ಹೆಸರಿದೆ, ಕೇಳುವ ಜನ ಇದ್ದಾರೆ. ರೆಫರಿ ಮಾತ್ರ ಬಾಯಿ ಮುಚ್ಚಿಕೊಂಡಿರಬೇಕು. ಪತ್ರಿಕೆಯವರ ಮುಂದೆ ಕೂತು ತನ್ನ ತೀರ್ಮಾನ ವಿವರಿಸುವ ರೂಢಿ ಅವರಿಗಿಲ್ಲ. 1993ರಲ್ಲಿ ರೆಫರಿಯ ಬೆನ್ನ ಮೇಲೆ ಅವನ ಹೆಸರು ಬರೆದಿರುತ್ತಿತ್ತು. 1994ರಿಂದ ಹೆಸರು ತೆಗೆದು ನಂಬರ್ ಹಾಕಿದರು. ಅಲ್ಲಿಗೆ ಹೆಸರೂ ಇಲ್ಲ, ಮಾತೂ ಇಲ್ಲ. ಬೈಗುಳ ಮಾತ್ರ ಸರಿಯಾದ ವಿಳಾಸಕ್ಕೇ ತಲುಪುತ್ತಿತ್ತು.

ಇದಕ್ಕೇ ಕೆರ್ರಿ ಫ್ರೇಸರ್ ನನಗೆ ಮುಖ್ಯ ಆಗ್ತಾರೆ. ಅವರು 2010ರಲ್ಲಿ ನಿವೃತ್ತರಾದರು. ಲೀಗ್ ಹಂತದಲ್ಲೇ 1,904 ಪಂದ್ಯ ನಡೆಸಿದ್ದರು, ಆ ಹೊತ್ತಿಗೆ ಅದು ದಾಖಲೆ. ನಿವೃತ್ತಿಯ ನಂತರ ಕೆನಡಾದ ಕ್ರೀಡಾ ಚಾನೆಲ್ ಒಂದರಲ್ಲಿ ರೆಫರಿಗಳ ತೀರ್ಮಾನಗಳನ್ನು ಜನರಿಗೆ ವಿವರಿಸೋಕೆ ಶುರು ಮಾಡಿದರು. ಅವರು ಎಲ್ಲಿ ಹೋದರೂ ಜನ ಕೇಳುತ್ತಿದ್ದುದು ಒಂದೇ ಪ್ರಶ್ನೆ, ಗಿಲ್ಮರ್ ಗದ್ದದ್ದು. ಅವರು ತಪ್ಪಿಸಿಕೊಳ್ಳಬಹುದಿತ್ತು. ಆ ವಿನಾಯಿತಿಯ ನಿಯಮ ಹಿಡಿದುಕೊಂಡು "ಅದು ಪೆನಾಲ್ಟಿಯೇ ಆಗಿರಲಿಲ್ಲ" ಅಂತ ಜೀವನಪೂರ್ತಿ ವಾದ ಮಾಡಬಹುದಿತ್ತು. ಮಾಡಲಿಲ್ಲ. ಕಾಣಲಿಲ್ಲ, ತಪ್ಪಿಹೋಯಿತು, ಕೊಡಬೇಕಿತ್ತು ಅಂದರು. ಒಂದು ಸಲ ಅಲ್ಲ, ಕೇಳಿದಾಗಲೆಲ್ಲ ಅಂದರು.

ಟೊರಾಂಟೊದಲ್ಲಿ ಎಲ್ಲರೂ ಕ್ಷಮಿಸಿದರು ಅಂತ ನಾನು ಹೇಳ್ತಾ ಇಲ್ಲ. ಆದರೆ ಮಾತಿನ ಬಣ್ಣ ಬದಲಾಯಿತು. ತಾಗಿದೆ, ತಾಗಿಲ್ಲ ಅನ್ನೋ ಹಗ್ಗಜಗ್ಗಾಟ ನಿಂತಿತು. ಒಬ್ಬನೇ ರೆಫರಿ ಇಷ್ಟೆಲ್ಲ ಹೇಗೆ ನೋಡಬೇಕು ಅಂತ ಜನ ಯೋಚಿಸುವುದಕ್ಕೆ ಜಾಗ ಸಿಕ್ಕಿತು. ಅಷ್ಟರಲ್ಲಿ ನಿಯಮವೂ ಬದಲಾಗಿತ್ತು ಅನ್ನಿ. 1998-99ರ ಋತುವಿನಿಂದ ಕೆಲವು ಪಂದ್ಯಗಳಿಗೆ ಇಬ್ಬರು ರೆಫರಿಗಳು ಬಂದರು, ಆಮೇಲೆ ಎಲ್ಲ ಪಂದ್ಯಗಳಿಗೂ ಬಂದರು.

ಒಪ್ಪಿಕೊಳ್ಳೋದು ಎಲ್ಲ ಕಾಯಿಲೆಗೂ ಮದ್ದಲ್ಲ, ಇದನ್ನೂ ಹೇಳಬೇಕು. 2021ರ ಮಾರ್ಚ್ 23ರಂದು ನ್ಯಾಶ್‌ವಿಲ್ ಮತ್ತು ಡೆಟ್ರಾಯಿಟ್ ನಡುವಿನ ಪಂದ್ಯದಲ್ಲಿ ರೆಫರಿ ಟಿಮ್ ಪೀಲ್ ಮಾತು ತೆರೆದಿದ್ದ ಮೈಕ್‌ನಲ್ಲಿ ಕೇಳಿಸಿಬಿಟ್ಟಿತು. ಅದೇನು ದೊಡ್ಡ ತಪ್ಪಾಗಿರಲಿಲ್ಲ, ಆದರೆ ನ್ಯಾಶ್‌ವಿಲ್ ಮೇಲೆ ಬೇಗ ಒಂದು ಪೆನಾಲ್ಟಿ ಕೊಡಬೇಕು ಅಂತಿದ್ದೆ ಅನ್ನೋ ಅರ್ಥದ ಮಾತು. ಮರುದಿನವೇ ಲೀಗ್, ಇವರು ಇನ್ನು ಮುಂದೆ ಯಾವ ಪಂದ್ಯವನ್ನೂ ನಡೆಸುವುದಿಲ್ಲ ಅಂತ ಘೋಷಿಸಿತು. ಮುಂದಿನ ತಿಂಗಳು ನಿವೃತ್ತಿ ಆಗಬೇಕಿದ್ದ ಮನುಷ್ಯ. ಇದರಲ್ಲಿ ಹೊಸದೇನಿದೆ, ಎರಡೂ ತಂಡಕ್ಕೆ ಪೆನಾಲ್ಟಿ ಸರಿದೂಗಿಸೋದು ಮೊದಲಿಂದ ನಡೆದು ಬಂದದ್ದೇ ಅನ್ನುವ ಮಾತೂ ಆಟದ ಒಳಗಿನವರಿಂದ ಕೇಳಿಬಂತು. ನನ್ನ ಲೆಕ್ಕದಲ್ಲಿ ಇದು ಫ್ರೇಸರ್ ತಪ್ಪಿಗಿಂತ ದೊಡ್ಡದು. ಫ್ರೇಸರ್ ಆದದ್ದನ್ನು ಕಾಣಲಿಲ್ಲ. ಪೀಲ್‌ಗೆ ಕೈ ಎತ್ತಬೇಕು ಅನ್ನೋದು ಮೊದಲೇ ಮನಸ್ಸಿನಲ್ಲಿತ್ತು, ಕಣ್ಣು ಆಮೇಲೆ ಹುಡುಕಿತು.

ಆಟಗಾರ ಬೇರೆ ಜಾತಿ, ರೆಫರಿ ಬೇರೆ ಜಾತಿ ಅಂತ ನಾವು ಅಂದುಕೊಳ್ತೀವಿ ಅಲ್ವಾ? ಹಾಗಂತ ಅನಿಸಿದಾಗ ಪಾಲ್ ಸ್ಟೂವರ್ಟ್ ನೆನಪು ಮಾಡಿಕೊಳ್ಳಿ. ಕ್ವಿಬೆಕ್ ನಾರ್ಡಿಕ್ಸ್ ತಂಡಕ್ಕೆ 1979-80ರಲ್ಲಿ 21 ಪಂದ್ಯ ಆಡಿದವರು. ಮುಷ್ಟಿಯಿಂದಲೇ ಹೆಸರಾದ ಆಟಗಾರ. ಅದೇ ಮನುಷ್ಯ ಆಮೇಲೆ ಪಟ್ಟೆ ಅಂಗಿ ಹಾಕಿ ಸಾವಿರಕ್ಕೂ ಜಾಸ್ತಿ ಪಂದ್ಯ ನಡೆಸಿದರು. ಅಮೆರಿಕದಲ್ಲಿ ಹುಟ್ಟಿದ ರೆಫರಿಗಳಲ್ಲಿ ಸಾವಿರ ಮುಟ್ಟಿದ ಮೊದಲಿಗರು ಅವರು. ನಡುವೆ ಕ್ಯಾನ್ಸರ್ ಬಂದು, ಗೆದ್ದು, ಮತ್ತೆ ಮಂಜಿಗಿಳಿದರು. ಪೆನಾಲ್ಟಿ ಬಾಕ್ಸ್‌ನಲ್ಲಿ ಕೂತು ರೆಫರಿಯನ್ನು ಬೈದವರಿಗೂ ಒಂದು ದಿನ ಆ ವಿಶಲ್ ಬೆರಳಿಗೆ ಏರಬಹುದು.

ಕೊನೆಯದಾಗಿ ವಿಡಿಯೊ. ಈಗ ವಿಡಿಯೊ ಇದೆಯಲ್ಲ, ಇನ್ನೇನು ತೊಂದರೆ ಅಂತ ಬಹಳ ಜನ ಕೇಳ್ತಾರೆ. 2019ರ ಏಪ್ರಿಲ್‌ನಲ್ಲಿ ಸ್ಯಾನ್ ಹೋಸೆ ಮತ್ತು ವೇಗಸ್ ನಡುವಿನ ಏಳನೇ ಪಂದ್ಯದಲ್ಲಿ ಕೊಡಬಾರದ ಐದು ನಿಮಿಷದ ಪೆನಾಲ್ಟಿ ಕೊಟ್ಟರು. ಆ ಐದು ನಿಮಿಷದಲ್ಲಿ ಸ್ಯಾನ್ ಹೋಸೆ ನಾಲ್ಕು ಗೋಲು ಹೊಡೆಯಿತು, ಪಂದ್ಯವನ್ನೂ ಗೆದ್ದಿತು. ಅದೇ ವರ್ಷ ಹೊಸ ನಿಯಮ ಬಂತು. ಹೊಡೆದಾಟದ್ದು ಬಿಟ್ಟು ಬೇರೆ ದೊಡ್ಡ ಪೆನಾಲ್ಟಿ ಕೊಟ್ಟರೆ ರೆಫರಿ ವಿಡಿಯೊ ನೋಡಿ ಖಚಿತ ಮಾಡಿಕೊಳ್ಳಬೇಕು. ಸ್ಟಿಕ್ ತಾಗಿ ಗಾಯವಾದದ್ದಕ್ಕೆ ನಾಲ್ಕು ನಿಮಿಷದ ಪೆನಾಲ್ಟಿ ಕೊಟ್ಟಿದ್ದರೆ, ಅದು ಎದುರಾಳಿಯದೇ ಸ್ಟಿಕ್ಕಾ ಅಂತ ನೋಡಬಹುದು. ಒಳ್ಳೆಯ ನಿಯಮ. ಆದರೆ ಸರಿಯಾಗಿ ಗಮನಿಸಿ. ಇವೆಲ್ಲ ಕೊಟ್ಟ ಪೆನಾಲ್ಟಿಗೆ. ಕೊಡದೇ ಬಿಟ್ಟದ್ದಕ್ಕೆ ಅಲ್ಲ. ಮೊದಲು ಕೈ ಮೇಲೆ ಹೋಗಬೇಕು. ಆ ರಾತ್ರಿಯ ಫ್ರೇಸರ್‌ರನ್ನು ಈ ನಿಯಮದೊಳಗೆ ತಂದು ನಿಲ್ಲಿಸಿದರೂ, ಅವರ ಮುಂದೆ ಇರುವುದು ಅದೇ ಗಿಲ್ಮರ್, ಅದೇ ರಕ್ತ, ಅದೇ ಎತ್ತದ ಕೈ.

ಮಾತು ಇಲ್ಲಿಗೆ ನಿಲ್ಲಿಸಿದ್ದೆ. ಹಿಂದಿನ ಸಾಲಿನಿಂದ ಒಬ್ಬಳು ಹುಡುಗಿ ಎದ್ದು ನಿಂತಳು.

"ಸರ್, ರೆಫರಿಗೆ ಕಾಣಲಿಲ್ಲ, ಸರಿ. ಲೈನ್ಸ್‌ಮನ್‌ಗಳಿಗೂ ಕಾಣಲಿಲ್ಲ. ಆದ್ರೆ ಗ್ರೆಟ್ಸ್ಕಿಗೆ ಗೊತ್ತಿತ್ತಲ್ವಾ? ಅವರೇ ಹೇಳಬಹುದಿತ್ತಲ್ಲ?"

ಇಷ್ಟು ವರ್ಷ ಈ ಕಥೆ ಹೇಳಿದ್ದೇನೆ, ಯಾರೂ ಇದನ್ನು ಕೇಳಿರಲಿಲ್ಲ. ನಾನೂ ರೆಫರಿಯ ಕಣ್ಣನ್ನೇ ನೋಡ್ತಾ ಇದ್ದೆ, ಆಟಗಾರನ ಬಾಯಿಯ ಕಡೆ ನೋಡಿರಲಿಲ್ಲ. ಹೇಳಬಹುದಿತ್ತಮ್ಮ, ಅಂದೆ. ಹೇಳಬೇಕಿತ್ತು ಅಂತಲೂ ನನಗೆ ಅನಿಸುತ್ತೆ. ಆ ಹೊತ್ತಿನಲ್ಲಿ, ಆ ಪಂದ್ಯದಲ್ಲಿ ಯಾರೂ ಹೇಳುತ್ತಿರಲಿಲ್ಲ ಅಂತಲೂ ಗೊತ್ತು.

ಫ್ರೇಸರ್ ಆಮೇಲೆ ನೆನಪು ಮಾಡಿಕೊಂಡ ಒಂದು ಸಂಗತಿಯನ್ನೂ ಅವಳಿಗೆ ಹೇಳಿದೆ. ಗ್ರೆಟ್ಸ್ಕಿ ಸಾಮಾನ್ಯವಾಗಿ ರೆಫರಿ ಹತ್ತಿರ ಬಂದು ಮಾತಾಡುವವರು, ವಾದ ಮಾಡುವವರು. ಆ ಹೊತ್ತು ಬರಲಿಲ್ಲ. ಸುಮ್ಮನೆ ಪಕ್ಕಕ್ಕೆ ಸರಿದು, ದೂರ ಹೋಗಿ ನಿಂತಿದ್ದರಂತೆ.